ಸಸ್ಯಜನ್ಯ ರಾಸಾಯನಿಕಗಳಿಂದ ಕಳೆ ನಿಯಂತ್ರಣ

ಸಸ್ಯಜನ್ಯ ರಾಸಾಯನಿಕಗಳಿಂದ ಕಳೆ ನಿಯಂತ್ರಣವು ಸುಸ್ಥಿರ ಕೃಷಿಯ ಒಂದು ವಿಧಾನ. ಕೆಲವು ಸಸ್ಯಗಳು ತಮ್ಮ ಬೇರು, ಎಲೆ, ಕಾಂಡ ಮತ್ತು ಬೀಜಗಳ ಮೂಲಕ ಪರಿಸರಕ್ಕೆ ಬಿಡುವ ರಾಸಾಯನಿಕಗಳನ್ನು ಬಳಸಿಕೊಂಡು ಕಳೆಗಳ ಮೊಳೆಯುವಿಕೆಯನ್ನೂ ಬೆಳವಣಿಗೆಯನ್ನೂ ತಗ್ಗಿಸುವುದು ಇದರ ಉದ್ದೇಶ. ಸಸ್ಯಗಳ ನಡುವಿನ ಇಂತಹ ರಾಸಾಯನಿಕ ಸಂಬಂಧವನ್ನು ಅಲೆಲೋಪತಿ ಎಂದೂ, ಅದಕ್ಕೆ ಕಾರಣವಾಗುವ ವಸ್ತುಗಳನ್ನು ಅಲೆಲೋರಾಸಾಯನಿಕಗಳು ಎಂದೂ ಕರೆಯುತ್ತಾರೆ. ಹೊದಿಕೆ ಬೆಳೆ, ಸೊಪ್ಪಿನ ಮುಚ್ಚಿಗೆ, ಸರದಿ ಬೆಳೆ, ಅಂತರ ಬೆಳೆ, ಸಸ್ಯದ ಸಾರದ ಸಿಂಪಡಣೆ ಮೊದಲಾದ ರೂಪಗಳಲ್ಲಿ ಈ ವಿಧಾನವು ಬಳಕೆಯಲ್ಲಿದೆ.

ಕರ್ನಾಟಕದಲ್ಲಿ ಇದರ ಹೆಚ್ಚು ಪರಿಚಿತ ಉದಾಹರಣೆಯು ಪಾರ್ಥೇನಿಯಂ ಕಳೆಯ ವಿರುದ್ಧ ಕ್ಯಾಸಿಯಾ ಸೆರಿಸಿಯಾ ಎಂಬ ಗಿಡದ ಬಳಕೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅಡಿಕೆ, ತೆಂಗು ಮತ್ತು ರಬ್ಬರ್ ತೋಟಗಳಲ್ಲಿ ಹೊದಿಕೆ ಬೆಳೆ ಹಾಗೂ ಸೊಪ್ಪಿನ ಮುಚ್ಚಿಗೆಯ ರೂಪದಲ್ಲಿ ಇದರ ಅಂಶಗಳು ಕಾಣಸಿಗುತ್ತವೆ.

ಹೆಸರು ಮತ್ತು ಇತಿಹಾಸ

ಅಲೆಲೋಪತಿ ಎಂಬ ಪದವು 'ಪರಸ್ಪರ' ಮತ್ತು 'ಬಾಧೆ' ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಬಂದಿದೆ. ಆಸ್ಟ್ರಿಯಾದ ಸಸ್ಯವಿಜ್ಞಾನಿ ಹ್ಯಾನ್ಸ್ ಮೋಲಿಶ್ 1937ರಲ್ಲಿ ಪ್ರಕಟಿಸಿದ ಜರ್ಮನ್ ಗ್ರಂಥದಲ್ಲಿ ಇದನ್ನು ಮೊದಲು ಬಳಸಿದನು. ಮಾಗಿದ ಹಣ್ಣುಗಳು ಹೊರಸೂಸುವ ಎಥಿಲೀನ್ ಅನಿಲವು ಇತರ ಸಸ್ಯಗಳ ಮೇಲೆ ಬೀರುವ ಪರಿಣಾಮವು ಅವನ ಅಧ್ಯಯನದ ವಿಷಯವಾಗಿತ್ತು. ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯದ ಎಲ್ರಾಯ್ ರೈಸ್ 1974ರಲ್ಲಿ ಈ ವಿಷಯದ ಕುರಿತು ಮೊದಲ ಸಮಗ್ರ ಇಂಗ್ಲಿಷ್ ಗ್ರಂಥವನ್ನು ಬರೆದನು. 1984ರ ಎರಡನೆಯ ಆವೃತ್ತಿಯಲ್ಲಿ ಅವನು ಹಾನಿಕರ ಪರಿಣಾಮಗಳೊಡನೆ ಉತ್ತೇಜಕ ಪರಿಣಾಮಗಳನ್ನೂ ಅಲೆಲೋಪತಿಯ ವ್ಯಾಖ್ಯೆಯೊಳಗೆ ಸೇರಿಸಿದನು.

ಪದವು ಹೊಸದಾದರೂ ಗಮನಿಕೆಯು ಬಹಳ ಹಳೆಯದು. ಕ್ರಿ.ಪೂ. 300ರ ಸುಮಾರಿನಲ್ಲಿ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್ ಕಡಲೆ ಬೆಳೆಯು ಕಳೆಗಳನ್ನು ನಾಶಮಾಡುತ್ತದೆಂದು ಬರೆದನು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಅಕ್ರೋಟು ಮರದ ನೆರಳು ಇತರ ಗಿಡಗಳಿಗೆ ಕೇಡು ಎಂದು ದಾಖಲಿಸಿದನು. ಕಪ್ಪು ಅಕ್ರೋಟು ಮರದಲ್ಲಿರುವ ಜುಗ್ಲೋನ್ ಎಂಬ ವಸ್ತುವು ಟೊಮೇಟೊ ಮೊದಲಾದ ಗಿಡಗಳನ್ನು ಬಾಡಿಸಬಲ್ಲದೆಂಬುದನ್ನು ಇಪ್ಪತ್ತನೆಯ ಶತಮಾನದ ಅಧ್ಯಯನಗಳು ತೋರಿಸಿದವು. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಡಿ ಕ್ಯಾಂಡೊಲ್ 1832ರಲ್ಲಿ, ಒಂದೇ ಬೆಳೆಯನ್ನು ಮತ್ತೆ ಮತ್ತೆ ಬೆಳೆದರೆ ಇಳುವರಿ ಕುಗ್ಗುವುದಕ್ಕೆ ಬೇರಿನ ಸ್ರಾವಗಳು ಕಾರಣವಾಗಿರಬಹುದೆಂದು ಸೂಚಿಸಿದನು.

ಭಾರತದಲ್ಲಿ ಈ ವಿಷಯಕ್ಕೇ ಮೀಸಲಾದ 'ಅಲೆಲೋಪತಿ ಜರ್ನಲ್' ಎಂಬ ನಿಯತಕಾಲಿಕವು 1994ರಲ್ಲಿ ಆರಂಭವಾಯಿತು. ಕಳೆಗಳ ಸಂಶೋಧನೆಗಾಗಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1989ರಲ್ಲಿ ಮಧ್ಯಪ್ರದೇಶದ ಜಬಲ್ಪುರದಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ಸ್ಥಾಪಿಸಿತು. ಅದು ಈಗ ಕಳೆ ಸಂಶೋಧನಾ ನಿರ್ದೇಶನಾಲಯವಾಗಿದೆ.

ಕಾರ್ಯವಿಧಾನ

ಸಸ್ಯದೊಳಗಿನ ರಾಸಾಯನಿಕಗಳು ನಾಲ್ಕು ದಾರಿಗಳಲ್ಲಿ ಹೊರಬರುತ್ತವೆ.

1. ಆವಿಯಾಗುವಿಕೆ: ನೀಲಗಿರಿಯಂತಹ ಸುಗಂಧಿ ಎಲೆಗಳಿಂದ ತೈಲದ ಅಂಶಗಳು ಗಾಳಿಗೆ ಸೇರುತ್ತವೆ.
2. ತೊಳೆದಿಳಿಯುವಿಕೆ: ಮಳೆ ಅಥವಾ ಇಬ್ಬನಿಯ ನೀರು ಎಲೆಗಳನ್ನು ತೋಯಿಸಿದಾಗ ಅವುಗಳಲ್ಲಿ ಕರಗುವ ವಸ್ತುಗಳು ನೆಲಕ್ಕಿಳಿಯುತ್ತವೆ.
3. ಬೇರಿನ ಸ್ರಾವ: ಜೀವಂತ ಬೇರುಗಳು ಸುತ್ತಲಿನ ಮಣ್ಣಿಗೆ ನೇರವಾಗಿ ರಾಸಾಯನಿಕಗಳನ್ನು ಬಿಡುತ್ತವೆ.
4. ಕೊಳೆಯುವಿಕೆ: ಉದುರಿದ ಎಲೆ, ಸೊಪ್ಪು ಮತ್ತು ಕೊಯ್ಲಿನ ಉಳಿಕೆಗಳು ಕೊಳೆಯುವಾಗ ಅವುಗಳೊಳಗಿನ ವಸ್ತುಗಳು ಬಿಡುಗಡೆಯಾಗುತ್ತವೆ. ಸೂಕ್ಷ್ಮಜೀವಿಗಳು ಕೆಲವೊಮ್ಮೆ ಅವುಗಳನ್ನು ಹೊಸ ವಸ್ತುಗಳಾಗಿ ಮಾರ್ಪಡಿಸುತ್ತವೆ.

ಹೀಗೆ ಮಣ್ಣು ಸೇರಿದ ವಸ್ತುಗಳು ಬೀಜದ ಮೊಳೆಯುವಿಕೆ, ಬೇರಿನ ತುದಿಯ ಜೀವಕೋಶಗಳ ವಿಭಜನೆ, ನೀರು ಮತ್ತು ಪೋಷಕಾಂಶಗಳ ಹೀರುವಿಕೆ, ದ್ಯುತಿಸಂಶ್ಲೇಷಣೆ ಮುಂತಾದ ಕ್ರಿಯೆಗಳಿಗೆ ಅಡ್ಡಿಯಾಗುತ್ತವೆ. ಸಾಮಾನ್ಯವಾಗಿ ಸಣ್ಣ ಬೀಜಗಳು ಮತ್ತು ಎಳೆಯ ಮೊಳಕೆಗಳು ಹೆಚ್ಚು ಬಾಧೆಗೊಳಗಾಗುತ್ತವೆ. ದೊಡ್ಡ ಬೀಜಗಳಲ್ಲಿ ಆಹಾರದ ಸಂಗ್ರಹವು ಹೆಚ್ಚಿರುವುದರಿಂದ ಅವು ತಾಳಿಕೊಳ್ಳುತ್ತವೆ. ನಾಟಿ ಮಾಡಿದ ಸಸಿಗಳ ಮತ್ತು ಬೆಳೆದ ಮರಗಳ ಮೇಲೆ ಪರಿಣಾಮವು ಇನ್ನೂ ಕಡಿಮೆ. ಬಹುಪಾಲು ಕಳೆಗಳ ಬೀಜಗಳು ಬಹಳ ಸಣ್ಣವಾಗಿರುತ್ತವೆ. ಬೆಳೆಯನ್ನು ಉಳಿಸಿಕೊಂಡು ಕಳೆಯನ್ನು ಮಾತ್ರ ತಡೆಯಲು ಸಾಧ್ಯವಾಗುವುದು ಮುಖ್ಯವಾಗಿ ಈ ವ್ಯತ್ಯಾಸದಿಂದ. ಇದೇ ಕಾರಣಕ್ಕೆ ತುಂಗೆಗಡ್ಡೆ, ಗರಿಕೆ ಮೊದಲಾದ ಗಡ್ಡೆ ಅಥವಾ ನೆಲದಡಿಯ ಕಾಂಡದಿಂದ ಚಿಗುರುವ ಕಳೆಗಳ ವಿರುದ್ಧ ಈ ವಿಧಾನವು ಹೆಚ್ಚು ಫಲ ಕೊಡುವುದಿಲ್ಲ.

ಪ್ರಮುಖ ಅಲೆಲೋರಾಸಾಯನಿಕಗಳು

ಜೋಳ: ಬೇರಿನ ಸೂಕ್ಷ್ಮ ರೋಮಗಳಿಂದ ಸೋರ್ಗೊಲಿಯೋನ್ ಎಂಬ ಎಣ್ಣೆಯಂತಹ ವಸ್ತುವು ಒಸರುತ್ತದೆ. ಇದು ಎಳೆಯ ಕಳೆಗಳ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತದೆ.

ಭತ್ತ: ಬೇರುಗಳು ಮೊಮಿಲ್ಯಾಕ್ಟೋನ್-ಬಿ ಎಂಬ ವಸ್ತುವನ್ನು ಸ್ರವಿಸುತ್ತವೆ. ಇದನ್ನು ಮೊದಲು ಬೇರ್ಪಡಿಸಿದ್ದು ಭತ್ತದ ಉಮಿಯಿಂದ.

ನಸುಗುನ್ನಿ ಜಾತಿಯ ಬಳ್ಳಿಗಳು: ಇವುಗಳ ಎಲೆ ಮತ್ತು ಬೇರುಗಳಲ್ಲಿ ಎಲ್-ಡೋಪಾ ಎಂಬ ಅಮೈನೋ ಆಮ್ಲವಿದೆ. ಪಾರ್ಕಿನ್ಸನ್ ಕಾಯಿಲೆಗೆ ಔಷಧವಾಗಿ ಬಳಸುವ ಈ ವಸ್ತುವು ಅನೇಕ ಅಗಲ ಎಲೆಯ ಕಳೆಗಳ ಬೇರಿನ ಬೆಳವಣಿಗೆಯನ್ನು ಕುಂಠಿಸುತ್ತದೆಂದು ಜಪಾನಿನ ವಿಜ್ಞಾನಿ ಯೋಶಿಹಾರು ಫುಜಿ ಮತ್ತು ಸಂಗಡಿಗರು ತೋರಿಸಿದರು.

ರೈ ಧಾನ್ಯ: ಇದರ ಹಸಿರು ಭಾಗಗಳಲ್ಲಿ ಬೆಂಜಾಕ್ಸಜಿನಾಯ್ಡ್ ವರ್ಗದ ವಸ್ತುಗಳಿವೆ. ಶೀತ ಪ್ರದೇಶಗಳಲ್ಲಿ ಇದು ಪ್ರಮುಖ ಹೊದಿಕೆ ಬೆಳೆ.

ಪಾರ್ಥೇನಿಯಂ: ಪಾರ್ಥೆನಿನ್ ಮತ್ತು ಹಲವು ಫಿನೋಲಿಕ್ ಆಮ್ಲಗಳಿವೆ. ಕಳೆಯೇ ಬೆಳೆಯ ಮೇಲೆ ಅಲೆಲೋಪತಿಯನ್ನು ಪ್ರಯೋಗಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಗ್ಲಿರಿಸಿಡಿಯಾ: ಗೊಬ್ಬರದ ಗಿಡವೆಂದು ಹೆಸರಾದ ಇದರ ಎಲೆಗಳಲ್ಲಿ ಕೌಮರಿನ್ ಮತ್ತು ಫಿನೋಲಿಕ್ ಆಮ್ಲಗಳಿವೆ.

ಕಾಫಿ: ಎಲೆ ಮತ್ತು ಬೀಜಗಳಲ್ಲಿರುವ ಕೆಫೀನ್ ಮಣ್ಣಿನಲ್ಲಿ ಸಂಗ್ರಹವಾದಾಗ ಇತರ ಸಸ್ಯಗಳ ಜೊತೆಗೆ ಕಾಫಿಯ ಎಳೆಯ ಸಸಿಗಳನ್ನೂ ಬಾಧಿಸಬಲ್ಲದು. ಇಂತಹ ಪರಿಣಾಮಕ್ಕೆ ಸ್ವವಿಷತೆ ಎನ್ನುತ್ತಾರೆ.

ಕೃಷಿಯಲ್ಲಿ ಬಳಸುವ ವಿಧಾನಗಳು

ಹೊದಿಕೆ ಬೆಳೆ

ಮುಖ್ಯ ಬೆಳೆಯ ಸಾಲುಗಳ ನಡುವೆ ಅಥವಾ ಎರಡು ಬೆಳೆಗಳ ನಡುವಿನ ಅವಧಿಯಲ್ಲಿ ನೆಲವನ್ನು ಮುಚ್ಚುವಂತೆ ಬೆಳೆಸುವ ಬೆಳೆ ಇದು. ಸೆಣಬು, ಅಲಸಂದೆ, ಪ್ಯುರೇರಿಯಾ, ಕಲಪೊಗೋನಿಯಂ, ವೆಲ್ವೆಟ್ ಬೀನ್ ಎಂದು ಕರೆಯುವ ತುರಿಸದ ನಸುಗುನ್ನಿ ಮೊದಲಾದ ದ್ವಿದಳ ಸಸ್ಯಗಳು ಇದಕ್ಕೆ ಹೆಚ್ಚು ಬಳಕೆಯಾಗುತ್ತವೆ. ಇವು ಬೇರಿನ ಗಂಟುಗಳ ಮೂಲಕ ಸಾರಜನಕವನ್ನು ಸ್ಥಿರೀಕರಿಸುತ್ತವೆ, ಮಣ್ಣಿನ ಸವಕಳಿಯನ್ನು ತಡೆಯುತ್ತವೆ ಮತ್ತು ನೆರಳು ಹಾಗೂ ರಾಸಾಯನಿಕ ಎರಡರಿಂದಲೂ ಕಳೆಯನ್ನು ಹತ್ತಿಕ್ಕುತ್ತವೆ.

ಮುಚ್ಚಿಗೆ

ಕಡಿದ ಸೊಪ್ಪು, ಒಣಹುಲ್ಲು, ತರಗೆಲೆ ಮುಂತಾದವನ್ನು ನೆಲದ ಮೇಲೆ ಹರಡುವುದು ಮುಚ್ಚಿಗೆ. ಮೊದಲ ಕೆಲವು ವಾರ ಸೊಪ್ಪಿನಿಂದ ಇಳಿಯುವ ವಸ್ತುಗಳು ಮೊಳಕೆಯನ್ನು ತಡೆಯಬಲ್ಲವು. ಆಮೇಲೆ ಮುಖ್ಯವಾಗಿ ಬೆಳಕಿನ ತಡೆಯೇ ಕೆಲಸ ಮಾಡುತ್ತದೆ.

ಸರದಿ ಬೆಳೆ ಮತ್ತು ಅಂತರ ಬೆಳೆ

ಒಂದು ಬೆಳೆಯ ಉಳಿಕೆಗಳು ಮುಂದಿನ ಬೆಳೆಯ ಕಾಲದ ಕಳೆಗಳನ್ನು ತಗ್ಗಿಸುವಂತೆ ಸರದಿಯನ್ನು ಯೋಜಿಸಲಾಗುತ್ತದೆ. ಜೋಳದ ಕೂಳೆಯಿರುವ ನೆಲದಲ್ಲಿ ಕಳೆ ಕಡಿಮೆಯಾಗಬಹುದು. ಆದರೆ ಅದೇ ನೆಲದಲ್ಲಿ ಮುಂದಿನ ಬೆಳೆಯ ಮೊಳಕೆಯೂ ಕುಗ್ಗಬಹುದು. ಆದ್ದರಿಂದ ಉಳಿಕೆಯು ಕೊಳೆಯಲು ಕಾಲಾವಕಾಶ ಕೊಡಬೇಕಾಗುತ್ತದೆ.

ಅಂತರ ಬೆಳೆಗೆ ಪೂರ್ವ ಆಫ್ರಿಕಾದ ಉದಾಹರಣೆಯು ಪ್ರಸಿದ್ಧವಾಗಿದೆ. ಜೋಳ, ಮೆಕ್ಕೆಜೋಳ ಮತ್ತು ಕಬ್ಬಿನ ಬೇರಿಗೆ ಅಂಟಿಕೊಂಡು ಬದುಕುವ ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯಿದೆ. ಉತ್ತರ ಕರ್ನಾಟಕದ ರೈತರಿಗೂ ಅದು ಅಪರಿಚಿತವಲ್ಲ. ಅತಿಥೇಯ ಸಸ್ಯದ ಬೇರಿನಿಂದ ಬರುವ ಸ್ಟ್ರೈಗೊಲ್ಯಾಕ್ಟೋನ್ ಎಂಬ ವಸ್ತುವಿನ ಸೂಚನೆ ದೊರೆತರೆ ಮಾತ್ರ ಅದರ ಬೀಜ ಮೊಳೆಯುತ್ತದೆ. ಕೆನ್ಯಾದಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಸಸ್ಯವನ್ನು ಬೆಳೆಸಲಾಗುತ್ತದೆ. ಅದರ ಬೇರಿನ ಸ್ರಾವದ ಒಂದು ಅಂಶವು ಸ್ಟ್ರೈಗಾ ಬೀಜವನ್ನು ಮೊಳೆಯಿಸುತ್ತದೆ, ಮತ್ತೊಂದು ಅಂಶವು ಮೊಳಕೆಯು ಬೆಳೆಯ ಬೇರಿಗೆ ಅಂಟಿಕೊಳ್ಳದಂತೆ ತಡೆಯುತ್ತದೆ. ಆಸರೆ ಸಿಗದ ಮೊಳಕೆ ಸಾಯುತ್ತದೆ. ನೈರೋಬಿಯ ಅಂತರರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರ ಮತ್ತು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಸ್ಥೆ ಜೊತೆಗೂಡಿ ರೂಪಿಸಿದ ಈ ಕ್ರಮವನ್ನು ಸಣ್ಣ ಹಿಡುವಳಿದಾರರು ವ್ಯಾಪಕವಾಗಿ ಅಳವಡಿಸಿಕೊಂಡಿದ್ದಾರೆ.

ಸಸ್ಯದ ಸಾರ

ಜೋಳದ ಒಣ ದಂಟನ್ನು ನೀರಿನಲ್ಲಿ ನೆನೆಸಿ ಪಡೆದ ಸಾರವನ್ನು ಸಿಂಪಡಿಸುವ ಕ್ರಮವನ್ನು ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಜ್ಞಾನಿಗಳು ವಿವರವಾಗಿ ಪರೀಕ್ಷಿಸಿದ್ದಾರೆ. ಸಾರವು ಒಂಟಿಯಾಗಿ ಕಳೆಯನ್ನು ಭಾಗಶಃ ಮಾತ್ರ ತಗ್ಗಿಸುತ್ತದೆ. ಕಳೆನಾಶಕದ ಕಡಿಮೆ ಪ್ರಮಾಣದೊಡನೆ ಸೇರಿಸಿದಾಗ ಫಲ ಉತ್ತಮವಾಗುತ್ತದೆ ಎಂಬುದು ಅವರ ಪ್ರಯೋಗಗಳಿಂದ ಕಂಡುಬಂದಿದೆ.

ತಳಿಗಳ ಆಯ್ಕೆ

ಒಂದೇ ಬೆಳೆಯ ಎಲ್ಲ ತಳಿಗಳಿಗೂ ಈ ಗುಣ ಸಮಾನವಾಗಿರುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಆರ್ಕನ್ಸಾಸ್ ರಾಜ್ಯದಲ್ಲಿ ಸಾವಿರಾರು ಭತ್ತದ ತಳಿಗಳನ್ನು ಪರೀಕ್ಷಿಸಿದಾಗ, ಕೆಲವು ತಳಿಗಳು ಮಾತ್ರ ತಮ್ಮ ಸುತ್ತ ಕಳೆಯಿಲ್ಲದ ವಲಯವನ್ನು ನಿರ್ಮಿಸಿಕೊಂಡಿದ್ದವು. ಇಂತಹ ತಳಿಗಳನ್ನು ಹೊಸ ತಳಿಗಳ ಅಭಿವೃದ್ಧಿಗೆ ಬಳಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ.

ಕಳೆನಾಶಕಗಳ ಮೂಲವಾಗಿ

ಸಸ್ಯದ ವಸ್ತುವನ್ನು ಮಾದರಿಯಾಗಿಟ್ಟುಕೊಂಡು ಕಾರ್ಖಾನೆಯಲ್ಲಿ ಕಳೆನಾಶಕಗಳನ್ನು ತಯಾರಿಸಿದ್ದೂ ಇದೆ. ಉದ್ಯಾನಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುವ ಬಾಟಲ್ ಬ್ರಷ್ ಗಿಡದ ಕೆಳಗೆ ಕಳೆಗಳು ವಿರಳವಾಗಿರುವುದನ್ನು 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಮನಿಸಲಾಯಿತು. ಅದಕ್ಕೆ ಕಾರಣವಾದ ಲೆಪ್ಟೊಸ್ಪರ್ಮೋನ್ ಎಂಬ ವಸ್ತುವಿನ ರಚನೆಯನ್ನು ಮಾರ್ಪಡಿಸಿ ರೂಪಿಸಿದ ಮೀಸೊಟ್ರಯೋನ್ 2001ರಲ್ಲಿ ಮೆಕ್ಕೆಜೋಳದ ಕಳೆನಾಶಕವಾಗಿ ಮಾರುಕಟ್ಟೆಗೆ ಬಂದಿತು. ಇದು ಸಸ್ಯದಿಂದ ಸ್ಫೂರ್ತಿ ಪಡೆದ ಸಂಶ್ಲೇಷಿತ ವಸ್ತುವಾದ್ದರಿಂದ ಸಾವಯವ ಕೃಷಿಯ ಸಾಮಗ್ರಿಯಲ್ಲ.

ಕರ್ನಾಟಕದ ಉದಾಹರಣೆ: ಪಾರ್ಥೇನಿಯಂ ಮತ್ತು ಕ್ಯಾಸಿಯಾ

ಕಾಂಗ್ರೆಸ್ ಕಳೆ ಎಂದು ಜನಬಳಕೆಯಲ್ಲಿರುವ ಪಾರ್ಥೇನಿಯಂ ಉಷ್ಣವಲಯದ ಅಮೆರಿಕದ ಮೂಲದ್ದು. 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಈ ಕಳೆಯು ಮುಂದಿನ ಎರಡು ದಶಕಗಳಲ್ಲಿ ಕರ್ನಾಟಕದ ಒಣಭೂಮಿ, ರಸ್ತೆಬದಿ ಮತ್ತು ಪಾಳು ನೆಲಗಳನ್ನು ಆವರಿಸಿತು. ಒಂದು ಗಿಡವು ಸಾವಿರಾರು ಬೀಜಗಳನ್ನು ಉತ್ಪಾದಿಸುತ್ತದೆ. ಇದರ ಸಂಪರ್ಕದಿಂದ ಚರ್ಮದ ಉರಿಯೂತವೂ ಪರಾಗದಿಂದ ಅಲರ್ಜಿಯೂ ಉಂಟಾಗುತ್ತವೆ.

ಕ್ಯಾಸಿಯಾ ಸೆರಿಸಿಯಾ ಎಂಬ ದ್ವಿದಳ ಸಸ್ಯವು ಕೆಲವು ಪ್ರದೇಶಗಳಲ್ಲಿ ಪಾರ್ಥೇನಿಯಂನ ಜಾಗವನ್ನು ತಾನೇ ಆಕ್ರಮಿಸಿಕೊಳ್ಳುತ್ತಿರುವುದನ್ನು ಕರ್ನಾಟಕದ ವಿಜ್ಞಾನಿಗಳು ಗಮನಿಸಿದರು. ಈಗ ಸೆನ್ನಾ ಯೂನಿಫ್ಲೋರಾ ಎಂಬ ಸಸ್ಯಶಾಸ್ತ್ರೀಯ ಹೆಸರಿನ ಈ ಗಿಡವೂ ಅಮೆರಿಕ ಖಂಡದ ಮೂಲದ್ದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದು, ಮುಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾದ ಡಾ. ಎಂ. ಮಹದೇವಪ್ಪ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಈ ಕುರಿತು ಅಧ್ಯಯನಗಳನ್ನು ಪ್ರಕಟಿಸಿದರು. ಕ್ಯಾಸಿಯಾದಿಂದ ತೊಳೆದಿಳಿಯುವ ಫಿನೋಲಿಕ್ ವಸ್ತುಗಳು ಪಾರ್ಥೇನಿಯಂ ಬೀಜದ ಮೊಳೆಯುವಿಕೆಯನ್ನು ತಗ್ಗಿಸುತ್ತವೆ, ಮಳೆಗಾಲದಲ್ಲಿ ದಟ್ಟವಾಗಿ ಬೆಳೆಯುವ ಕ್ಯಾಸಿಯಾದ ನೆರಳು ಉಳಿದ ಗಿಡಗಳನ್ನು ಹಿಂದಿಕ್ಕುತ್ತದೆ ಎಂಬುದು ಈ ಅಧ್ಯಯನಗಳ ತಿರುಳು. ಮಳೆಗಾಲಕ್ಕೆ ಮುನ್ನ ಪಾಳು ನೆಲಗಳಲ್ಲಿ ಕ್ಯಾಸಿಯಾ ಬೀಜಗಳನ್ನು ಚೆಲ್ಲುವ ಶಿಫಾರಸು ಇದರಿಂದ ಮೂಡಿತು. ತಗಚೆ ಗಿಡ ಮತ್ತು ಚೆಂಡು ಹೂವಿನ ಬೆಳೆಯನ್ನೂ ಇದೇ ಉದ್ದೇಶಕ್ಕೆ ಸೂಚಿಸಲಾಗಿದೆ.

ಇದೇ ಕಾಲದಲ್ಲಿ ಮೆಕ್ಸಿಕೋದಿಂದ ತರಿಸಿದ ಜೈಗೋಗ್ರಾಮ ಎಂಬ ಎಲೆ ತಿನ್ನುವ ದುಂಬಿಯನ್ನು 1984ರಲ್ಲಿ ಬೆಂಗಳೂರಿನ ಸುತ್ತಮುತ್ತ ಬಿಡುಗಡೆ ಮಾಡಲಾಯಿತು. ಈಗ ಪಾರ್ಥೇನಿಯಂ ನಿರ್ವಹಣೆಯಲ್ಲಿ ಸ್ಪರ್ಧಿ ಸಸ್ಯ, ದುಂಬಿ, ಹೂ ಬಿಡುವ ಮೊದಲೇ ಕೀಳುವಿಕೆ ಇವೆಲ್ಲವನ್ನೂ ಜೊತೆಯಾಗಿ ಬಳಸಲು ಸಲಹೆ ನೀಡಲಾಗುತ್ತದೆ. ಕ್ಯಾಸಿಯಾ ಕೂಡ ಹೊರಗಿನಿಂದ ಬಂದು ಹರಡುವ ಸಸ್ಯವಾದ್ದರಿಂದ ಅದನ್ನು ಕೃಷಿ ಭೂಮಿ ಮತ್ತು ಕಾಡಿನ ಅಂಚುಗಳಲ್ಲಿ ಬಿತ್ತುವುದು ಸೂಕ್ತವಲ್ಲ.

ಪುತ್ತೂರು, ಸುಳ್ಯ ಮತ್ತು ಕಡಬ ಪ್ರದೇಶ

ಹಿನ್ನೆಲೆ

ಪಶ್ಚಿಮ ಘಟ್ಟದ ತಪ್ಪಲಿನ ಈ ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ ಸರಾಸರಿ 3500 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮುರಕಲ್ಲು ಮಣ್ಣಿನ ಇಳಿಜಾರುಗಳಲ್ಲಿ ಅಡಿಕೆ, ತೆಂಗು, ಕೊಕ್ಕೋ, ಕಾಳುಮೆಣಸು, ರಬ್ಬರ್ ಮತ್ತು ಗೇರು ಬೆಳೆಗಳಿವೆ. ಪಾರ್ಥೇನಿಯಂಗಿಂತ ಹೆಚ್ಚಾಗಿ ಇಲ್ಲಿ ತೊಂದರೆ ಕೊಡುವ ಕಳೆಗಳೆಂದರೆ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕ್ರೊಮೊಲೀನಾ, ಮರಗಳನ್ನೇರಿ ಮುಚ್ಚುವ ಮೈಕೇನಿಯಾ ಬಳ್ಳಿ, ನಾಚಿಕೆ ಮುಳ್ಳು, ಜೇಕು ಮತ್ತು ವಿವಿಧ ಹುಲ್ಲುಗಳು.

ಕೂಲಿಯಾಳುಗಳ ಕೊರತೆಯಿಂದಾಗಿ ಕೈಯಿಂದ ಹುಲ್ಲು ಹೆರೆಯುವ ಕೆಲಸ ಕಡಿಮೆಯಾಗಿ, ಕಳೆ ಕೊಚ್ಚುವ ಯಂತ್ರ ಮತ್ತು ಕಳೆನಾಶಕಗಳ ಬಳಕೆ ಹೆಚ್ಚಿದೆ. ಇಳಿಜಾರಿನ ತೋಟದಿಂದ ಮಳೆನೀರು ತೋಡುಗಳಿಗೂ ಅಲ್ಲಿಂದ ಕುಮಾರಧಾರಾ, ಪಯಸ್ವಿನಿ ಮತ್ತು ನೇತ್ರಾವತಿ ನದಿಗಳಿಗೂ ಸೇರುತ್ತದೆ. ತೋಟದ ನಡುವಿನ ಬಾವಿ ಮತ್ತು ಕೆರೆಗಳು ಹಲವು ಮನೆಗಳಿಗೆ ಕುಡಿಯುವ ನೀರಿನ ಮೂಲಗಳಾಗಿವೆ. ಕಳೆನಾಶಕದಿಂದ ಬೋಳಾದ ನೆಲದ ಮೇಲ್ಮಣ್ಣು ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಗಬಲ್ಲದು. ಈ ಕಾರಣಗಳಿಂದ ಸಸ್ಯಾಧಾರಿತ ಕಳೆ ನಿಯಂತ್ರಣಕ್ಕೆ ಇಲ್ಲಿ ವಿಶೇಷ ಮಹತ್ವವಿದೆ.

ಸೊಪ್ಪು ಮತ್ತು ಕುಮ್ಕಿ

ಅಡಿಕೆ ಮರದ ಬುಡಕ್ಕೆ ಕಾಡಿನ ಹಸಿರು ಸೊಪ್ಪು ಹಾಕುವುದು ಈ ಪ್ರದೇಶದ ಹಳೆಯ ರೂಢಿ. ಸೊಪ್ಪು, ತರಗೆಲೆ ಮತ್ತು ಸೌದೆಗಾಗಿ ವರ್ಗ ಜಮೀನಿಗೆ ತಾಗಿದ ಸರಕಾರಿ ಭೂಮಿಯನ್ನು ಬಳಸುವ ಹಕ್ಕನ್ನು ಕುಮ್ಕಿ ಎಂದು ಕರೆಯುತ್ತಾರೆ. ಸೊಪ್ಪಿನ ಮುಖ್ಯ ಉದ್ದೇಶ ಗೊಬ್ಬರವೇ ಆದರೂ, ದಪ್ಪವಾಗಿ ಹರಡಿದ ಸೊಪ್ಪು ಮರದ ಬುಡದಲ್ಲಿ ಕಳೆ ಮೊಳೆಯದಂತೆ ತಡೆಯುತ್ತದೆ. ಕುಮ್ಕಿ ಜಾಗಗಳಲ್ಲಿ ಸೊಪ್ಪಿನ ಮರಗಳು ಕಡಿಮೆಯಾದಂತೆ ಬೇಲಿ ಮತ್ತು ತೋಟದ ಅಂಚಿನಲ್ಲಿ ಬೆಳೆಸಿದ ಗ್ಲಿರಿಸಿಡಿಯಾ ಸೊಪ್ಪು, ಅಡಿಕೆಯ ಸೋಗೆ, ತೆಂಗಿನ ಗರಿ ಹಾಗೂ ಸಿಪ್ಪೆ ಆ ಸ್ಥಾನವನ್ನು ತುಂಬುತ್ತಿವೆ. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲೇ ಕಡಿದು ಮುಚ್ಚಿಗೆಗೆ ಬಳಸಬಹುದು. ಹೂ ಬಿಟ್ಟ ಬಳಿಕ ಬಳಸಿದರೆ ಅದರ ಹಗುರವಾದ ಬೀಜಗಳು ತೋಟದೊಳಗೇ ಹರಡುತ್ತವೆ. ಅಡಿಕೆಯ ನಡುವೆ ಬೆಳೆಸುವ ಕೊಕ್ಕೋದ ನೆರಳು ಮತ್ತು ಉದುರೆಲೆಗಳಿಂದಲೂ ಕಳೆಯ ಹಾವಳಿ ತಗ್ಗುತ್ತದೆ.

ತೆಂಗಿನ ಬುಡದ ಹಸಿರು ಹೊದಿಕೆ

ಕಡಬ ತಾಲ್ಲೂಕಿನ ನೆಟ್ಟಣದ ಬಳಿಯ ಕಿದುವಿನಲ್ಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. 1972ರಲ್ಲಿ ಬೀಜೋತ್ಪಾದನಾ ಕ್ಷೇತ್ರವಾಗಿ ಆರಂಭವಾದ ಇಲ್ಲಿ 1998ರಲ್ಲಿ ದಕ್ಷಿಣ ಏಷ್ಯಾಕ್ಕಾಗಿ ಅಂತರರಾಷ್ಟ್ರೀಯ ತೆಂಗಿನ ಜೀನ್ ಬ್ಯಾಂಕನ್ನು ಸ್ಥಾಪಿಸಲಾಯಿತು. ತೆಂಗಿನ ಮರದ ಸುತ್ತ 1.8 ಮೀಟರ್ ತ್ರಿಜ್ಯದ ಬುಡದಲ್ಲಿ ಮುಂಗಾರಿನ ಆರಂಭದಲ್ಲಿ ಅಲಸಂದೆ, ಪ್ಯುರೇರಿಯಾ, ಕಲಪೊಗೋನಿಯಂನಂತಹ ದ್ವಿದಳ ಸಸ್ಯಗಳನ್ನು ಬಿತ್ತಿ, ಮಳೆ ಇಳಿಮುಖವಾದಾಗ ಮಣ್ಣಿಗೆ ಸೇರಿಸುವುದು ಈ ಸಂಸ್ಥೆಯ ಶಿಫಾರಸುಗಳಲ್ಲಿ ಒಂದು. ಇದು ಪೋಷಕಾಂಶಗಳ ಪೂರೈಕೆಗಾಗಿ ರೂಪಿಸಿದ ಕ್ರಮ. ಕಳೆ ಬೆಳೆಯುವ ಕಾಲದಲ್ಲಿಯೇ ನೆಲವನ್ನು ಉಪಯುಕ್ತ ಸಸ್ಯವು ಆವರಿಸುವುದರಿಂದ ಕಳೆಗೆ ಅವಕಾಶ ಕಡಿಮೆಯಾಗುವುದು ಇದರ ಹೆಚ್ಚುವರಿ ಲಾಭ.

ರಬ್ಬರ್ ತೋಟದ ಮ್ಯುಕುನಾ

ಸುಳ್ಯ, ಪುತ್ತೂರು ಮತ್ತು ಕಡಬ ಪ್ರದೇಶಗಳಲ್ಲಿ ಖಾಸಗಿ ತೋಟಗಳೊಡನೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳೂ ಇವೆ. ಎಳೆಯ ರಬ್ಬರ್ ತೋಟಗಳಲ್ಲಿ ಮೊದಲು ಪ್ಯುರೇರಿಯಾ, ಅನಂತರ ಈಶಾನ್ಯ ಭಾರತ ಮೂಲದ ಮ್ಯುಕುನಾ ಬ್ರಾಕ್ಟಿಯೇಟಾ ಎಂಬ ಬಳ್ಳಿ ಹೊದಿಕೆ ಬೆಳೆಯಾಗಿ ಹರಡಿತು. ನಸುಗುನ್ನಿಯ ಹತ್ತಿರದ ಸಂಬಂಧಿಯಾದ ಇದು ವೇಗವಾಗಿ ಹಬ್ಬುತ್ತದೆ, ಬೇಸಿಗೆಯನ್ನೂ ಅರೆನೆರಳನ್ನೂ ತಾಳುತ್ತದೆ. ದನಗಳು ಇದನ್ನು ಮೇಯುವುದು ಕಡಿಮೆ. ಕಳೆಗಳನ್ನು ಹತ್ತಿಕ್ಕುವ ಅದರ ಸಾಮರ್ಥ್ಯಕ್ಕೆ ದಟ್ಟವಾದ ಎಲೆಹೊದಿಕೆ ಮತ್ತು ರಾಸಾಯನಿಕಗಳು ಎರಡೂ ಕಾರಣವೆಂದು ಹೇಳಲಾಗುತ್ತದೆ. ಗಮನಿಸದೆ ಬಿಟ್ಟರೆ ಇದೇ ಬಳ್ಳಿಯು ರಬ್ಬರ್ ಗಿಡವನ್ನೇರಿ ಬಾಗಿಸುತ್ತದೆ, ಪಕ್ಕದ ತೋಟ ಮತ್ತು ಕಾಡಿನೊಳಕ್ಕೂ ನುಗ್ಗುತ್ತದೆ. ಆದ್ದರಿಂದ ಗಿಡದ ಬುಡದಿಂದ ಬಳ್ಳಿಯನ್ನು ಆಗಾಗ ಹಿಂದಕ್ಕೆ ಎಳೆಯುವುದೂ ತೋಟದ ಎಲ್ಲೆಯಲ್ಲಿ ಕಡಿಯುವುದೂ ಅಗತ್ಯ.

ಮಳೆಯ ಪ್ರಭಾವ

ನೀರಿನಲ್ಲಿ ಕರಗುವ ಅಲೆಲೋರಾಸಾಯನಿಕಗಳು ಭಾರಿ ಮಳೆಯಲ್ಲಿ ಬೇಗನೆ ತೊಳೆದುಹೋಗುತ್ತವೆ. ಬೆಚ್ಚಗಿನ ತೇವದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅವುಗಳನ್ನು ಶೀಘ್ರವಾಗಿ ವಿಘಟಿಸುತ್ತವೆ. ಹೀಗಾಗಿ ಮಳೆಗಾಲದಲ್ಲಿ ಒಮ್ಮೆ ಸಿಂಪಡಿಸಿದ ಸಾರದಿಂದ ದೀರ್ಘಕಾಲದ ಫಲ ದೊರೆಯುವುದು ಕಷ್ಟ. ಬೇರಿನಿಂದ ನಿರಂತರವಾಗಿ ರಾಸಾಯನಿಕವನ್ನು ಪೂರೈಸುವ ಜೀವಂತ ಹೊದಿಕೆಯು ಇಂತಹ ಹವಾಮಾನಕ್ಕೆ ಹೆಚ್ಚು ಹೊಂದುತ್ತದೆ. ಸೊಪ್ಪಿನ ಮುಚ್ಚಿಗೆಯು ಕಳೆ ಮೊಳೆಯುವ ಮೊದಲೇ, ಸಾಕಷ್ಟು ದಪ್ಪವಾಗಿ ಇದ್ದರೆ ಫಲಕಾರಿ.

ಪ್ರಯೋಗಾಲಯದ ಪರೀಕ್ಷೆ ಮತ್ತು ಹೊಲದ ವಾಸ್ತವ

ಒಂದು ಸಸ್ಯಕ್ಕೆ ಅಲೆಲೋಪತಿಯ ಗುಣವಿದೆಯೇ ಎಂಬುದನ್ನು ತಿಳಿಯಲು ಶಾಲಾ ಕಾಲೇಜುಗಳಲ್ಲಿಯೂ ಮಾಡಬಹುದಾದ ಸರಳ ಪರೀಕ್ಷೆಯಿದೆ. ಎಲೆಯನ್ನು ತೂಗಿ, ಚೂರುಮಾಡಿ, ಅಳತೆಯ ನೀರಿನಲ್ಲಿ 24 ಗಂಟೆ ನೆನೆಸಿ ಸೋಸಲಾಗುತ್ತದೆ. ತಟ್ಟೆಯಲ್ಲಿರಿಸಿದ ಸೋಸು ಕಾಗದದ ಮೇಲೆ ರಾಗಿ ಅಥವಾ ಹೆಸರಿನಂತಹ ಬೀಜಗಳನ್ನಿಟ್ಟು ಈ ಸಾರದಿಂದ ತೇವಗೊಳಿಸಲಾಗುತ್ತದೆ. ಇನ್ನೊಂದು ತಟ್ಟೆಗೆ ಬರಿಯ ನೀರನ್ನು ಹಾಕಲಾಗುತ್ತದೆ. ಕೆಲವು ದಿನಗಳ ಬಳಿಕ ಎರಡರಲ್ಲಿಯೂ ಮೊಳೆತ ಬೀಜಗಳನ್ನು ಎಣಿಸಿ, ಬೇರಿನ ಉದ್ದವನ್ನು ಅಳೆದು ಹೋಲಿಸಲಾಗುತ್ತದೆ.

ಈ ಪರೀಕ್ಷೆಯಲ್ಲಿ ಕಂಡ ಫಲಿತಾಂಶವು ಹೊಲದಲ್ಲಿಯೂ ದೊರೆಯುತ್ತದೆಂದು ಹೇಳಲಾಗದು. ತಟ್ಟೆಯಲ್ಲಿ ಮಣ್ಣಿಲ್ಲ, ಸೂಕ್ಷ್ಮಜೀವಿಗಳು ವಿರಳ, ಸಾರದ ಪ್ರಮಾಣವು ಪ್ರಕೃತಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಗಟ್ಟಿಯಾದ ಯಾವುದೇ ಎಲೆಯ ಸಾರವು ಬೀಜವು ನೀರು ಹೀರುವುದನ್ನೇ ತಡೆದು ಮೊಳಕೆಯನ್ನು ಕುಗ್ಗಿಸಬಲ್ಲದು. ಹೊಲದಲ್ಲಿ ಕಳೆ ಕಡಿಮೆಯಾದರೂ ಅದಕ್ಕೆ ಕಾರಣ ರಾಸಾಯನಿಕವೋ, ನೆರಳೋ, ನೀರು ಮತ್ತು ಪೋಷಕಾಂಶಗಳ ಸ್ಪರ್ಧೆಯೋ ಎಂದು ಬೇರ್ಪಡಿಸುವುದು ಅಲೆಲೋಪತಿ ಸಂಶೋಧನೆಯ ಅತ್ಯಂತ ಕಠಿಣ ಪ್ರಶ್ನೆ. ಒಂದೇ ದಪ್ಪದ ಸೊಪ್ಪಿನ ಹೊದಿಕೆಯನ್ನೂ, ರಾಸಾಯನಿಕವಿಲ್ಲದ ಬೇರೆ ವಸ್ತುವಿನ ಹೊದಿಕೆಯನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಇದಕ್ಕೆ ಬಳಸುವ ಒಂದು ಉಪಾಯ.

ಮಿತಿಗಳು ಮತ್ತು ಎಚ್ಚರಿಕೆಗಳು

ಬೆಳೆಗೂ ಹಾನಿಯಾಗಬಹುದು. ತಾಜಾ ಸೊಪ್ಪು ಹರಡಿದ ಕೂಡಲೇ ಸಣ್ಣ ಬೀಜದ ತರಕಾರಿಗಳನ್ನು ಬಿತ್ತಿದರೆ ಮೊಳಕೆ ಕುಗ್ಗಬಹುದು. ಸೊಪ್ಪು ಅರೆಕೊಳೆತ ಬಳಿಕ ಬಿತ್ತುವುದು ಅಥವಾ ಸಸಿಗಳನ್ನು ನಾಟಿ ಮಾಡುವುದು ಸುರಕ್ಷಿತ.

ಹತ್ತಿಕ್ಕುವ ಸಸ್ಯವೇ ಕಳೆಯಾಗಬಹುದು. ಮ್ಯುಕುನಾ, ಕ್ಯಾಸಿಯಾ, ಮುಳ್ಳಿಲ್ಲದ ಮಿಮೋಸಾ ಮೊದಲಾದವು ಹರಡುವ ಸ್ವಭಾವದವು. ಕ್ರೊಮೊಲೀನಾ, ಲಂಟಾನಾ ಮತ್ತು ಪಾರ್ಥೇನಿಯಂಗಳ ಆಕ್ರಮಣಶೀಲತೆಗೆ ಅವುಗಳ ರಾಸಾಯನಿಕಗಳೂ ಒಂದು ಕಾರಣವೆಂದು ಅನೇಕ ಅಧ್ಯಯನಗಳು ಸೂಚಿಸಿವೆ.

ನೈಸರ್ಗಿಕವಾದದ್ದೆಲ್ಲ ನಿರಪಾಯಕಾರಿಯಲ್ಲ. ಪಾರ್ಥೆನಿನ್ ಚರ್ಮರೋಗಕ್ಕೆ ಕಾರಣವಾಗುತ್ತದೆ. ನಸುಗುನ್ನಿಯ ಕಾಯಿಯ ಮೇಲಿನ ರೋಮಗಳು ತೀವ್ರ ತುರಿಕೆ ಉಂಟುಮಾಡುತ್ತವೆ, ಅದರ ಬೀಜವನ್ನು ಸರಿಯಾಗಿ ಸಂಸ್ಕರಿಸದೆ ತಿನ್ನುವುದು ಅಪಾಯಕರ. ಕಳೆಗೆ ಉಪ್ಪುನೀರು ಹಾಕುವ ಮನೆಮದ್ದು ಅಲೆಲೋಪತಿಯಲ್ಲ. ಅದು ಮಣ್ಣನ್ನೂ ಬೆಳೆಯ ಬೇರನ್ನೂ ಕೆಡಿಸುತ್ತದೆ.

ಫಲಿತಾಂಶ ನಿಧಾನ ಮತ್ತು ಭಾಗಶಃ. ಹೊದಿಕೆ ಬೆಳೆಯು ನೆಲವನ್ನು ಪೂರ್ತಿ ಮುಚ್ಚುವವರೆಗೆ ಕೈಯಿಂದ ಅಥವಾ ಯಂತ್ರದಿಂದ ಕಳೆ ತೆಗೆಯಬೇಕು. ಆದ್ದರಿಂದ ಕೃಷಿ ವಿಜ್ಞಾನಿಗಳು ಇದನ್ನು ಸಮಗ್ರ ಕಳೆ ನಿರ್ವಹಣೆಯ ಒಂದು ಅಂಗವಾಗಿ ಪರಿಗಣಿಸುತ್ತಾರೆ, ಕಳೆನಾಶಕಕ್ಕೆ ಪೂರ್ಣ ಬದಲಿಯಾಗಿ ಅಲ್ಲ.

ಕಾನೂನು ಮತ್ತು ಪ್ರಮಾಣೀಕರಣ

ಭಾರತದಲ್ಲಿ ಕಳೆನಾಶಕಗಳ ತಯಾರಿಕೆ ಮತ್ತು ಮಾರಾಟವು 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಸಸ್ಯಜನ್ಯವೆಂಬ ಕಾರಣಕ್ಕೆ ಮಾತ್ರ ಯಾವುದೇ ಉತ್ಪನ್ನವನ್ನು ನೋಂದಣಿಯಿಲ್ಲದೆ ಕಳೆನಾಶಕವೆಂದು ಮಾರಲು ಅವಕಾಶವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಗ್ಲೈಫೋಸೇಟ್ ಕಳೆನಾಶಕವನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಹಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಈ ತೀರ್ಮಾನವನ್ನು ಒಪ್ಪಿಲ್ಲ. ಕೇಂದ್ರ ಸರಕಾರವು 2022ರ ಅಕ್ಟೋಬರ್‌ನಲ್ಲಿ ಗ್ಲೈಫೋಸೇಟ್ ಬಳಕೆಯನ್ನು ಪರವಾನಿಗೆ ಹೊಂದಿದ ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸುವ ಅಧಿಸೂಚನೆ ಹೊರಡಿಸಿತು. ಮತ್ತೊಂದು ಕಳೆನಾಶಕವಾದ ಪ್ಯಾರಾಕ್ವಾಟ್ ದೇಹವನ್ನು ಸೇರಿದರೆ ಅದಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲ.

ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣಪತ್ರ ಪಡೆಯುವ ತೋಟಗಳಲ್ಲಿ ಸಂಶ್ಲೇಷಿತ ಕಳೆನಾಶಕಗಳನ್ನು ಬಳಸುವಂತಿಲ್ಲ. ಸಾವಯವ ಕಾಳುಮೆಣಸು, ಕೊಕ್ಕೋ, ಗೇರು ಮುಂತಾದವನ್ನು ಬೆಳೆಯುವವರಿಗೆ ಹೊದಿಕೆ ಬೆಳೆ, ಮುಚ್ಚಿಗೆ ಮತ್ತು ಯಂತ್ರದಿಂದ ಕಳೆ ಕೊಚ್ಚುವಿಕೆಯೇ ಮುಖ್ಯ ಉಪಾಯಗಳಾಗಿ ಉಳಿಯುತ್ತವೆ.